ಬಂಗಾರದ ಬೋಗುಣಿ ಬರಿದಾದ ಬಗೆ



ಊರ ಕೆರೆಯ ಅಂಗಳವನ್ನು ಒಬ್ಬನು ರಾತ್ರಿಯಲ್ಲಿ ಒತ್ತಿಕೊಂಡರೆ ಅವನನ್ನು ನಾವು ಕಳ್ಳನೆನ್ನುತ್ತೇವೆ. ಅದೇ ಅಂಗಳಕ್ಕೆ ನಕ್ಷೆ ಬರೆಯಿಸಿ, ಮುದ್ರೆ ಒತ್ತಿಸಿ, ಸರಕಾರದ ಬೊಕ್ಕಸದ ಹಣದಿಂದಲೇ ರಸ್ತೆ, ನೀರು, ದೀಪಗಳನ್ನು ಒದಗಿಸಿಕೊಂಡು ಹಾಡುಹಗಲಿನಲ್ಲಿ ಹಂಚಿಕೊಂಡವನಿಗೆ ಮಾತ್ರ ಸಭೆಯಲ್ಲಿ ಹಾರ ಬೀಳುತ್ತದೆ. ಮೊದಲನೆಯ ಕಳ್ಳತನಕ್ಕೆ ಧೈರ್ಯವೊಂದಿದ್ದರೆ ಸಾಕು. ಎರಡನೆಯದಕ್ಕೆ ಒಂದು ರುಜು ಬೇಕು. ಆ ರುಜುವನ್ನು ಕೊಳ್ಳುವವರು ಯಾರು, ಮಾರುವವರು ಯಾರು, ಮಾರಾಟವಾದ ಮೇಲೆ ಒಂದು ಊರಿನ ಗತಿ ಏನಾಗುತ್ತದೆ ಎಂಬುದನ್ನು ಅರಿಯಬಯಸುವವರು ಇಟಲಿ ದೇಶದ ಸಿಸಿಲಿ ದ್ವೀಪದ ರಾಜಧಾನಿಯಾದ ಪಲೆರ್ಮೊ ನಗರದ ಚರಿತ್ರೆಯನ್ನು ಓದಬೇಕು. ಈ ತಿಂಗಳು ಅದನ್ನೇ ನಮ್ಮ ವಾಚಕರ ಮುಂದಿರಿಸುತ್ತಿದ್ದೇವೆ.

ಪಲೆರ್ಮೊ ನಗರ ಕಡಲಿಗೂ ಬೆಟ್ಟಗಳಿಗೂ ನಡುವಿನ ಫಲವತ್ತಾದ ಬಯಲಿನಲ್ಲಿದೆ. ಆ ಬಯಲಿಗೆ ಅಲ್ಲಿಯ ಜನ ‘ಕೊಂಕಾ ದೊರೊ’ ಎಂದು ಹೆಸರಿಟ್ಟಿದ್ದರು. ಬಂಗಾರದ ಬೋಗುಣಿ ಎಂದು ನಾವು ಅದನ್ನು ಕನ್ನಡಿಸಿಕೊಳ್ಳಬಹುದು. ಕಿತ್ತಳೆ, ನಿಂಬೆಯ ತೋಟಗಳು ಬಯಲನ್ನೆಲ್ಲ ತುಂಬಿದ್ದವು. ತೋಟಕ್ಕೆ ನೀರು ಬೇಕು, ಕಾವಲು ಬೇಕು. ನೀರಿನ ಬಾವಿಗಳ ಮೇಲೆ ಹಿಡಿತವನ್ನೂ ಕಾವಲಿನ ಹೆಸರಿನಲ್ಲಿ ಕಪ್ಪವನ್ನೂ ಸಾಧಿಸಿಕೊಂಡು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಗುಪ್ತಕೂಟವೇ ಮಾಫಿಯಾ. ಕಾವಲಿಗೆ ಹಣ ಕೊಡದವನ ತೋಟದಲ್ಲಿ ರಾತ್ರೋರಾತ್ರಿ ಮರಗಳು ಉರುಳುತ್ತಿದ್ದವು. ಆದ್ದರಿಂದ ಮಾಫಿಯಾ ಎಂದರೆ ಕೇವಲ ಬಂದೂಕು ಹಿಡಿದ ದರೋಡೆಕೋರರ ಗುಂಪೆಂದು ಭಾವಿಸುವುದು ಸರಿಯಲ್ಲ. ಭಯವನ್ನು ತಾನೇ ಹುಟ್ಟಿಸಿ, ಆ ಭಯದಿಂದ ರಕ್ಷಣೆಯನ್ನೂ ತಾನೇ ಮಾರುವ ವ್ಯಾಪಾರ ಅದು.

ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಬಾಂಬುಗಳ ಮಳೆಗೆ ಸಿಕ್ಕಿ ಪಲೆರ್ಮೊದ ಹಳೆಯ ಪೇಟೆ ಬಹುಮಟ್ಟಿಗೆ ಹಾಳಾಯಿತು. 1946ರಲ್ಲಿ ಸಿಸಿಲಿಗೆ ಸ್ವಾಯತ್ತ ಆಡಳಿತ ದೊರೆತು ಪಲೆರ್ಮೊ ಅದರ ರಾಜಧಾನಿಯಾದ ಮೇಲೆ ಕಚೇರಿಗಳು ಬಂದವು, ನೌಕರರು ಬಂದರು. ಹಳ್ಳಿಗಳಿಂದ ಕೂಲಿಯನ್ನರಸಿ ಬಡವರೂ ಬಂದರು. ಎಲ್ಲರಿಗೂ ಮನೆ ಬೇಕಾಗಿತ್ತು. 1950ರಲ್ಲಿ ಇಟಲಿಯ ಸರಕಾರ ಹಿಂದುಳಿದ ದಕ್ಷಿಣ ಪ್ರಾಂತ್ಯಗಳ ಉದ್ಧಾರಕ್ಕಾಗಿ ದೊಡ್ಡದೊಂದು ನಿಧಿಯನ್ನು ಸ್ಥಾಪಿಸಿತು. ರಸ್ತೆ, ನೀರಾವರಿ, ವಸತಿ, ಬಂದರುಗಳಿಗಾಗಿ ಉತ್ತರದಿಂದ ದಕ್ಷಿಣಕ್ಕೆ ಹಣ ಹರಿಯತೊಡಗಿತು. ಉದ್ದೇಶ ಉದಾತ್ತವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಲಕ್ಕೆ ನೀರು ಹಾಯಿಸುವ ಮೊದಲು ಕಾಲುವೆಯಲ್ಲಿ ಬಿರುಕುಗಳಿವೆಯೇ ಎಂದು ನೋಡಬೇಕಲ್ಲವೆ? ಆ ಕೆಲಸವನ್ನು ಯಾರೂ ಮಾಡಲಿಲ್ಲ.

ಒಂದು ಎಕರೆ ನಿಂಬೆಯ ತೋಟಕ್ಕೆ ತೋಟದ ಬೆಲೆ. ಅದನ್ನೇ ನಗರ ಯೋಜನೆಯ ನಕ್ಷೆಯಲ್ಲಿ ಹಸಿರು ಬಣ್ಣದಿಂದ ಬಿಡಿಸಿ ಕಟ್ಟಡದ ಬಣ್ಣ ಬಳಿದರೆ ಅದರ ಬೆಲೆ ಹಲವು ಪಟ್ಟು ಏರುತ್ತದೆ. ಅದರ ಪಕ್ಕದಲ್ಲಿ ಸರಕಾರಿ ಹಣದಿಂದ ಹೆದ್ದಾರಿಯೊಂದು ಹಾದುಹೋದರೆ ಇನ್ನೂ ಹಲವು ಪಟ್ಟು. ರೈತನು ಬೆವರು ಸುರಿಸಿ ಮೂರು ತಲೆಮಾರಿನಲ್ಲಿ ಗಳಿಸಲಾರದ್ದನ್ನು ಕುಂಚದ ಒಂದು ಎಳೆತ ಒಂದೇ ದಿನದಲ್ಲಿ ಗಳಿಸಿಕೊಡುತ್ತದೆ. ಆ ಕುಂಚ ಹಿಡಿದ ಕೈ ಯಾರದೆಂಬುದೇ ಎಲ್ಲ ಅನರ್ಥಗಳಿಗೂ ಮೂಲ. ಪಲೆರ್ಮೊದಲ್ಲಿ 1958ರಿಂದ 1963ರವರೆಗೆ ಸಾಲ್ವೊ ಲೀಮಾ ಎಂಬಾತ ಪುರಾಧ್ಯಕ್ಷನಾಗಿದ್ದನು. 1959ರಿಂದ 1964ರವರೆಗೆ ಲೋಕೋಪಯೋಗಿ ಕಾರ್ಯಗಳ ಹೊಣೆ ಹೊತ್ತಿದ್ದವನು ವಿಟೊ ಚಾಂಚಿಮಿನೊ; ಕೊರ್ಲಿಯೊನೆ ಎಂಬ ಊರಿನ ಕ್ಷೌರಿಕನೊಬ್ಬನ ಮಗ. ಬಡತನದಿಂದ ಮೇಲೆ ಬಂದವನೆಂಬುದು ದೋಷವಲ್ಲ, ಹೆಮ್ಮೆಪಡತಕ್ಕ ವಿಷಯ. ಮೇಲೆ ಬಂದವನು ತಾನು ಹತ್ತಿದ ಏಣಿಯನ್ನು ಯಾರಿಗೆ ಒತ್ತೆಯಿಟ್ಟನೆಂಬುದೇ ಪ್ರಶ್ನೆ.

ಆ ಕಾಲದಲ್ಲಿ ನಗರದ ಯೋಜನೆಗೆ ತಿದ್ದುಪಡಿಗಳ ಮೇಲೆ ತಿದ್ದುಪಡಿಗಳು ಬಂದವು. ಸುಮಾರು ನಾಲ್ಕು ಸಾವಿರ ಕಟ್ಟಡ ಪರವಾನಗಿಗಳು ನೀಡಲ್ಪಟ್ಟವು. ಅವುಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪರವಾನಗಿಗಳು ಬೆರಳೆಣಿಕೆಯ ಕೆಲವೇ ಜನರ ಹೆಸರಿನಲ್ಲಿದ್ದವು. ಆ ಜನರಾದರೂ ಎಂತಹವರು? ಕಟ್ಟಡ ಉದ್ಯಮದ ಗಂಧವೂ ಇಲ್ಲದ, ಸ್ವಂತ ಬಂಡವಾಳವೂ ಇಲ್ಲದ ಬಡಪಾಯಿಗಳು. ಮುಂದೆ ಇಟಲಿಯ ಸಂಸತ್ತು ನೇಮಿಸಿದ ವಿಚಾರಣಾ ಮಂಡಲಿ ಇದನ್ನೆಲ್ಲ ಬಯಲಿಗೆಳೆಯಿತು. ಕಾಗದದ ಮೇಲೆ ಬಡವನ ಹೆಸರು, ಹಿಂದೆ ಹಣವಂತನ ಕೈ, ಅದರ ಹಿಂದೆ ಬಂದೂಕು, ಎಲ್ಲದರ ಮೇಲೆ ಅಧಿಕಾರಿಯ ರುಜು. ನಮ್ಮ ಹಿರಿಯರು ಬೇಲಿಯೇ ಎದ್ದು ಹೊಲ ಮೇಯುವುದೆಂದು ಹೇಳುತ್ತಿದ್ದರಲ್ಲ, ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಒಂದು ಘಟನೆಯನ್ನು ಉಲ್ಲೇಖಿಸುತ್ತೇವೆ. ಎರ್ನೆಸ್ತೊ ಬಸೀಲೆ ಎಂಬ ಪ್ರಖ್ಯಾತ ವಾಸ್ತುಶಿಲ್ಪಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ‘ವಿಲ್ಲಾ ದೆಲಿಯೆಲ್ಲಾ’ ಎಂಬ ಸುಂದರ ಸೌಧವೊಂದು ಪಲೆರ್ಮೊದಲ್ಲಿತ್ತು. ಐವತ್ತು ವರ್ಷ ತುಂಬಿದ ಕಟ್ಟಡಗಳಿಗೆ ಕಾನೂನಿನ ರಕ್ಷಣೆ ದೊರೆಯುವ ನಿಯಮವಿದ್ದು, ಆ ಅವಧಿ ಸಮೀಪಿಸುತ್ತಿತ್ತು. 1959ರ ನವೆಂಬರ್ 28ರಂದು, ಶನಿವಾರ, ಅದನ್ನು ಕೆಡವಲು ಪರವಾನಗಿ ದೊರೆಯಿತು. ಅಂದು ಮಧ್ಯಾಹ್ನವೇ ಕೆಡವುವ ಕೆಲಸ ಆರಂಭವಾಯಿತು. ಮರುದಿನ ಊರು ಎಚ್ಚತ್ತು ನೋಡುವ ವೇಳೆಗೆ ಉಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ವಿಧಿಯ ವಿಡಂಬನೆಯನ್ನು ನೋಡಿರಿ: ಅಷ್ಟು ಅವಸರದಿಂದ ತೆರವು ಮಾಡಿದ ಆ ಜಾಗದಲ್ಲಿ ಮುಂದೆ ಯಾವ ಕಟ್ಟಡವೂ ಏಳಲಿಲ್ಲ. ದಶಕಗಳ ಕಾಲ ಅದು ವಾಹನಗಳನ್ನು ನಿಲ್ಲಿಸುವ ಬಯಲಾಗಿ ಉಳಿಯಿತು.

ಇತ್ತ ಬಯಲಿನ ತೋಟಗಳ ಮೇಲೆ ಸಿಮೆಂಟಿನ ಎತ್ತರದ ಗೂಡುಗಳು ಸಾಲುಸಾಲಾಗಿ ಎದ್ದವು. ಅತ್ತ ಯುದ್ಧದಲ್ಲಿ ಹಾಳಾದ ಹಳೆಯ ಪೇಟೆಯನ್ನು ದುರಸ್ತಿ ಮಾಡುವವರಿರಲಿಲ್ಲ. 1951ರಲ್ಲಿ ಒಂದು ಲಕ್ಷವನ್ನು ಮೀರಿದ್ದ ಅಲ್ಲಿಯ ಜನಸಂಖ್ಯೆ ಮೂರು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಳೆಯ ಮನೆ ಕುಸಿಯುತ್ತ ಹೋದಷ್ಟೂ ಹೊಸ ಮನೆಗೆ ಗಿರಾಕಿ ಹೆಚ್ಚುತ್ತಾನೆಂಬ ಲೆಕ್ಕಾಚಾರವನ್ನು ಇಲ್ಲಿ ಗಮನಿಸಬೇಕು. ನಗರದ ಉತ್ತರದ ಅಂಚಿನಲ್ಲಿ ಬಡವರಿಗಾಗಿ ಸರಕಾರವೇ ಕಟ್ಟಿಸಿದ ‘ಜೆನ್’ ಎಂಬ ವಸತಿ ಬಡಾವಣೆಯಲ್ಲಿ ನೀರು, ಚರಂಡಿಗಳು ಬರುವುದಕ್ಕೆ ಮೊದಲೇ ನಿರಾಶ್ರಿತರಾದವರು ಬೀಗ ಮುರಿದು ಒಳಹೊಕ್ಕರು. ನಗರದ ಹೆಮ್ಮೆಯ ನಾಟಕಶಾಲೆಯಾದ ತೆಯಾತ್ರೊ ಮಾಸ್ಸಿಮೊವನ್ನು ದುರಸ್ತಿಗೆಂದು 1974ರಲ್ಲಿ ಮುಚ್ಚಿದರು. ಅದರ ಬಾಗಿಲು ಮತ್ತೆ ತೆರೆದದ್ದು 1997ರಲ್ಲಿ. ಇಪ್ಪತ್ತಮೂರು ವರ್ಷ! ಕೆಲಸ ಮುಗಿದರೆ ಹಣ ನಿಲ್ಲುತ್ತದೆ; ಆದ್ದರಿಂದ ಕೆಲಸ ಮುಗಿಯದಿರುವುದೇ ಒಂದು ಕಸುಬಾಗಿಬಿಡುವ ಅಪಾಯ ಸಾರ್ವಜನಿಕ ಕಾಮಗಾರಿಗಳಿಗೆ ಸದಾ ಇರುತ್ತದೆ. 1968ರ ಜನವರಿಯಲ್ಲಿ ಸಿಸಿಲಿಯ ಬೆಲಿಚೆ ಕಣಿವೆಯಲ್ಲಿ ಭೂಕಂಪವಾಗಿ ಹಲವು ಊರುಗಳು ನೆಲಸಮವಾದವು. ಪುನರ್ವಸತಿಗೆ ಹಣ ಮಂಜೂರಾಯಿತು. ಆದರೂ ಅನೇಕ ಕುಟುಂಬಗಳು ಹತ್ತು ವರ್ಷಕ್ಕೂ ಮಿಕ್ಕಿ ತಗಡಿನ ಗುಡಿಸಲುಗಳಲ್ಲಿಯೇ ಬಾಳಿದವು.

ಮುಂದೆ 1980ರ ದಶಕದಲ್ಲಿ ಈ ವ್ಯವಸ್ಥೆ ಇನ್ನೂ ನಯವಾಯಿತು. ಸರಕಾರಿ ಕಾಮಗಾರಿಯ ಟೆಂಡರು ಯಾರಿಗೆ ದೊರೆಯಬೇಕೆಂಬುದನ್ನು ಮೊದಲೇ ಒಂದೆಡೆ ಕುಳಿತು ನಿರ್ಣಯಿಸುವ ಪದ್ಧತಿ ಬೆಳೆಯಿತು. ಇದಕ್ಕೆ ಅಲ್ಲಿಯವರು ‘ಪುಟ್ಟ ಮೇಜು’ ಎಂಬ ಅರ್ಥದ ಹೆಸರನ್ನಿಟ್ಟರು. ಆ ಮೇಜಿನ ಸುತ್ತ ಗುತ್ತಿಗೆದಾರ, ರಾಜಕಾರಣಿ, ಮಾಫಿಯಾದ ಪ್ರತಿನಿಧಿ ಕೂಡುತ್ತಿದ್ದರು. ಸರದಿಯಂತೆ ಗುತ್ತಿಗೆ, ಅವರವರಿಗೆ ಗೊತ್ತಾದ ಪಾಲು. ಉಳಿದ ಕಂಪನಿಗಳು ತೋರಿಕೆಗೆ ಮಾತ್ರ ದರ ನಮೂದಿಸುತ್ತಿದ್ದವು. ಯಾರಾದರೂ ಒಪ್ಪದಿದ್ದರೆ ಮಾತ್ರ ಬಂದೂಕಿನ ನೆನಪು ಮಾಡಿಕೊಡಬೇಕಾಗುತ್ತಿತ್ತು. ಸೇತುವೆಗೆ ಬೀಳಬೇಕಾದ ಸಿಮೆಂಟಿನಲ್ಲಿ, ಶಾಲೆಯ ಗೋಡೆಗೆ ಸೇರಬೇಕಾದ ಕಬ್ಬಿಣದಲ್ಲಿ ಈ ಪಾಲುಗಳೆಲ್ಲ ಕಳೆಯುತ್ತಿದ್ದವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ವಿರೋಧಿಸಿದವರೇ ಇರಲಿಲ್ಲವೆ ಎಂದು ವಾಚಕರು ಕೇಳಬಹುದು. ಇದ್ದರು. ಪಲೆರ್ಮೊ ಸಮೀಪದ ಚಿನಿಸಿ ಎಂಬ ಊರಿನಲ್ಲಿ ಪೆಪ್ಪಿನೊ ಇಂಪಸ್ತಾತೊ ಎಂಬ ತರುಣನಿದ್ದನು. ಅವನ ತಂದೆಯ ಮನೆತನಕ್ಕೆ ಮಾಫಿಯಾದ ನಂಟಿತ್ತು. ಮಗನಾದರೋ ವಿಮಾನ ನಿಲ್ದಾಣದ ಮೂರನೆಯ ಓಡುದಾರಿಗಾಗಿ ಜಮೀನು ಕಳೆದುಕೊಳ್ಳುತ್ತಿದ್ದ ರೈತರ ಪರವಾಗಿ ನಿಂತನು. ಒಂದು ಪುಟ್ಟ ಆಕಾಶವಾಣಿ ಕೇಂದ್ರವನ್ನು ತೆರೆದು ಊರಿನ ಮಾಫಿಯಾ ನಾಯಕನನ್ನು ಹೆಸರು ಹಿಡಿದು ಗೇಲಿ ಮಾಡಿದನು. 1978ರ ಮೇ 9ರ ನಸುಕಿನಲ್ಲಿ ಅವನ ದೇಹ ರೈಲುಹಳಿಯ ಮೇಲೆ ಸಿಡಿಮದ್ದಿಗೆ ಛಿದ್ರವಾಗಿ ಬಿದ್ದಿತ್ತು. ತಾನೇ ಬಾಂಬಿಡಲು ಹೋಗಿ ಸತ್ತನೆಂದು ಹೇಳಿ ಕಡತ ಮುಚ್ಚಲು ಯತ್ನಿಸಿದರು. ಅವನ ತಾಯಿ ಫೆಲೀಚಿಯಾ ಅದನ್ನು ಒಪ್ಪಲಿಲ್ಲ. ಸೇಡು ತೀರಿಸುತ್ತೇವೆಂದ ಬಂಧುಗಳನ್ನು ದೂರವಿಟ್ಟು, ತನಗೆ ಬೇಕಾದುದು ನ್ಯಾಯವೆಂದು ಹಟ ಹಿಡಿದು ನಿಂತಳು. 2002ರಲ್ಲಿ, ಮಗ ಸತ್ತ ಇಪ್ಪತ್ತನಾಲ್ಕು ವರ್ಷಗಳ ತರುವಾಯ, ಆ ಕೊಲೆಯನ್ನು ಮಾಡಿಸಿದ ಮಾಫಿಯಾ ನಾಯಕನಿಗೆ ಜೀವಾವಧಿ ಶಿಕ್ಷೆಯಾದುದನ್ನು ಆ ಮುದಿ ತಾಯಿ ಕಣ್ಣಾರೆ ಕಂಡಳು.

ಅಧಿಕಾರದಲ್ಲಿದ್ದೂ ಕೈ ಶುದ್ಧವಾಗಿಟ್ಟುಕೊಂಡವರಿದ್ದರು. ಸಿಸಿಲಿ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಪಿಯರ್ಸಾಂತಿ ಮತ್ತರೆಲ್ಲಾ ಪಲೆರ್ಮೊ ನಗರಸಭೆ ನೀಡಿದ ಶಾಲಾ ಕಟ್ಟಡಗಳ ಗುತ್ತಿಗೆಗಳನ್ನು ತನಿಖೆಗೆ ಒಳಪಡಿಸಿದರು. ಲೀಮಾ, ಚಾಂಚಿಮಿನೊ ಇದ್ದ ಪಕ್ಷವೇ ಅವರದೂ ಆಗಿತ್ತೆಂಬುದನ್ನು ಮರೆಯಬಾರದು. ಒಂದೇ ಮರದಲ್ಲಿ ಹುಳುಕು ಹಣ್ಣೂ ಒಳ್ಳೆಯ ಹಣ್ಣೂ ಇರುತ್ತವೆ. 1980ರ ಜನವರಿ 6ರಂದು ಹಬ್ಬದ ಪೂಜೆಗೆಂದು ಕುಟುಂಬದೊಡನೆ ಹೊರಟಿದ್ದಾಗ ಹೆಂಡತಿ ಮಕ್ಕಳ ಎದುರಿನಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅವರ ತಮ್ಮ ಸೆರ್ಜೊ ಮತ್ತರೆಲ್ಲಾ 2015ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರಾದರು.

ವಿರೋಧ ಪಕ್ಷದ ಸಂಸದ ಪಿಯೊ ಲಾ ತೊರ್ರೆ ಈ ರೋಗದ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಮಾಫಿಯಾದವನಿಗೆ ಸೆರೆಮನೆಯ ಭಯವಿಲ್ಲ, ಆಸ್ತಿ ಹೋಗುವ ಭಯ ಮಾತ್ರ ಇದೆ ಎಂಬುದು ಅವರ ತಿಳಿವಳಿಕೆ. ಮಾಫಿಯಾ ಕೂಟದಲ್ಲಿ ಸೇರಿರುವುದೇ ಅಪರಾಧವಾಗಬೇಕು, ಅದರ ಮೂಲಕ ಗಳಿಸಿದ ಆಸ್ತಿಯನ್ನು ಸರಕಾರ ಮುಟ್ಟುಗೋಲು ಹಾಕಿಕೊಳ್ಳಬೇಕು ಎಂಬ ಮಸೂದೆಯನ್ನು ಅವರು ಮಂಡಿಸಿದರು. 1982ರ ಏಪ್ರಿಲ್ 30ರಂದು ಅವರ ಹತ್ಯೆಯಾಯಿತು. ಅದೇ ವರ್ಷ ಸೆಪ್ಟೆಂಬರ್ 3ರಂದು ಪಲೆರ್ಮೊಕ್ಕೆ ಪ್ರಿಫೆಕ್ಟರಾಗಿ ಬಂದಿದ್ದ ಜನರಲ್ ದಲ್ಲಾ ಕಿಯೆಸಾ ಅವರನ್ನೂ ಅವರ ಪತ್ನಿಯನ್ನೂ ಕೊಂದರು. ಹತ್ತು ದಿನಗಳೊಳಗಾಗಿ ಸಂಸತ್ತು ಆ ಮಸೂದೆಯನ್ನು ಕಾನೂನಾಗಿಸಿತು. ಒಂದು ಒಳ್ಳೆಯ ಕಾನೂನು ಹುಟ್ಟುವುದಕ್ಕೆ ಅದನ್ನು ಬರೆದವನೇ ಸಾಯಬೇಕಾಯಿತೆಂಬುದು ಯಾವ ಪ್ರಜಾಪ್ರಭುತ್ವಕ್ಕೂ ಭೂಷಣವಲ್ಲ.

ಆ ಕಾನೂನಿನ ಬಲದಿಂದಲೇ ಜೊವಾನ್ನಿ ಫಾಲ್ಕೊನೆ, ಪಾವೊಲೊ ಬೊರ್ಸೆಲ್ಲಿನೊ ಮೊದಲಾದ ನ್ಯಾಯಾಧಿಕಾರಿಗಳು ಬ್ಯಾಂಕಿನ ಚೆಕ್ಕುಗಳ ಜಾಡು ಹಿಡಿದು ಕೊಲೆಗಾರರನ್ನು ತಲುಪಿದರು. 1986ರಲ್ಲಿ ಆರಂಭವಾದ ಮಹಾವಿಚಾರಣೆಯಲ್ಲಿ ನಾನೂರಕ್ಕೂ ಹೆಚ್ಚು ಆರೋಪಿಗಳಿದ್ದರು. 1987ರ ಡಿಸೆಂಬರಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಜನರಿಗೆ ಶಿಕ್ಷೆಯಾಯಿತು. 1992ರ ಜನವರಿಯಲ್ಲಿ ಸರ್ವೋನ್ನತ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಇಷ್ಟು ಕಾಲ ಮೇಲಿನವರಿಂದ ರಕ್ಷಣೆ ದೊರೆಯುವುದೆಂದು ನಂಬಿದ್ದ ಮಾಫಿಯಾ ನಾಯಕರು ಸಿಟ್ಟಿಗೆದ್ದರು. ಅದೇ ಮಾರ್ಚ್ 12ರಂದು ಸಾಲ್ವೊ ಲೀಮಾನನ್ನೇ ಗುಂಡಿಟ್ಟು ಕೊಂದರು. ಹುಲಿಯ ಬೆನ್ನೇರಿದವನು ಇಳಿಯುವಾಗ ಹುಲಿಗೆ ಆಹಾರವಾಗುತ್ತಾನೆ. ಮೇ 23ರಂದು ಹೆದ್ದಾರಿಯನ್ನೇ ಸಿಡಿಸಿ ಫಾಲ್ಕೊನೆಯವರನ್ನೂ ಜುಲೈ 19ರಂದು ಬೊರ್ಸೆಲ್ಲಿನೊ ಅವರನ್ನೂ ಕೊಂದರು. 1984ರಲ್ಲಿ ಬಂಧನಕ್ಕೊಳಗಾಗಿದ್ದ ಚಾಂಚಿಮಿನೊಗೆ ಮಾಫಿಯಾ ಸಂಬಂಧಕ್ಕಾಗಿ ಶಿಕ್ಷೆಯಾದದ್ದೂ 1992ರಲ್ಲಿಯೇ. ತೋಟಗಳು ಮಾಯವಾಗಿ ಆಗಲೇ ಮೂರು ದಶಕಗಳಾಗಿದ್ದವು. ಅಪರಾಧಿಗೆ ಶಿಕ್ಷೆ ಕೊಡಬಹುದು. ನಿಂಬೆಯ ಮರಗಳನ್ನು ಯಾವ ನ್ಯಾಯಾಲಯವೂ ಮರಳಿ ಕೊಡಲಾರದು.

ಮಠದ ನೆರಳಿನಲ್ಲಿ ಅಕ್ಷರ ಕಲಿತ ನಮಗೆ ಈ ಚರಿತ್ರೆಯಲ್ಲಿ ಇನ್ನೊಂದು ಭಾಗ ಹೆಚ್ಚು ನೋವುಂಟುಮಾಡುತ್ತದೆ. ಈ ಲೂಟಿಯ ಕಾಲದಲ್ಲಿ ಅಲ್ಲಿಯ ಧರ್ಮಪೀಠ ಏನು ಮಾಡುತ್ತಿತ್ತು? ಪಲೆರ್ಮೊದ ಅಂದಿನ ಕಾರ್ಡಿನಲ್ ರುಫಿನಿಯವರು 1964ರಲ್ಲಿ ಹೊರಡಿಸಿದ ಪತ್ರದಲ್ಲಿ ಮಾಫಿಯಾದ ಮಾತನ್ನು ದೊಡ್ಡದು ಮಾಡುವುದು ಸಿಸಿಲಿಯ ಹೆಸರಿಗೆ ಮಸಿ ಬಳಿಯುವ ಕೆಲಸವೆಂಬಂತೆ ಬರೆದರು. ಊರಿನ ಮಾನ ಕಾಪಾಡುವ ಆತುರದಲ್ಲಿ ಊರನ್ನೇ ಕಳೆದುಕೊಳ್ಳುವ ಈ ಬಗೆಯ ಮೌನ ಯಾವ ಮತದ ಗುರುಪೀಠಕ್ಕೂ ಎಚ್ಚರಿಕೆಯಾಗಬೇಕು. ಗುಡಿಯ ಗೋಪುರಕ್ಕೆ ಕಾಣಿಕೆ ತಂದವನ ಹಣ ಎಲ್ಲಿಂದ ಬಂದಿತೆಂದು ಕೇಳದ ಪೀಠ, ಆ ಹಣದಲ್ಲಿ ಪಾಲುದಾರನಾಗುತ್ತದೆ. ಅದೇ ಧರ್ಮದಲ್ಲಿಯೇ ಮುಂದೆ ಪಿನೊ ಪುಲೀಸಿ ಎಂಬ ಪಾದ್ರಿ ಬಂದರು. ಬ್ರಂಕಾಚೊ ಎಂಬ ಬಡ ಬಡಾವಣೆಯಲ್ಲಿ ಅವರು ಕೇಳಿದ್ದು ದೊಡ್ಡದೇನೂ ಅಲ್ಲ. ಮಕ್ಕಳಿಗೊಂದು ಮಾಧ್ಯಮಿಕ ಶಾಲೆ. ಓದಿದ ಮಗು ಮಾಫಿಯಾದ ಕೈಗೆ ಸಿಗಲಾರದೆಂದು ಅವರಿಗೂ ಗೊತ್ತಿತ್ತು, ಮಾಫಿಯಾಕ್ಕೂ ಗೊತ್ತಿತ್ತು. 1993ರ ಸೆಪ್ಟೆಂಬರ್ 15ರಂದು, ಅವರ ಐವತ್ತಾರನೆಯ ಹುಟ್ಟುಹಬ್ಬದ ದಿನ, ಮನೆಯ ಬಾಗಿಲಿನಲ್ಲಿ ಅವರನ್ನು ಕೊಂದರು. ಅವರು ಬೇಡಿದ ಶಾಲೆ 2000ದಲ್ಲಿ ತೆರೆಯಿತು.

ಇಷ್ಟೆಲ್ಲ ಕಥೆಯಲ್ಲಿ ಗೃಹಸ್ಥನ ಪಾತ್ರವೇನು? ಅದನ್ನು ಕೇಳದಿದ್ದರೆ ಈ ಲೇಖನ ಅಪೂರ್ಣವಾಗುತ್ತದೆ. ಆ ಸಾವಿರಾರು ಮನೆಗಳನ್ನು ಕೊಂಡವರು ಮಾಫಿಯಾದವರಲ್ಲ. ಗುಮಾಸ್ತರು, ಮಾಸ್ತರರು, ಅಂಗಡಿಕಾರರು. ಮಗಳ ಮದುವೆಗೆ, ಮಗನ ಓದಿಗೆ ಕೂಡಿಟ್ಟ ಹಣದಲ್ಲಿ ಅವರು ಮನೆ ಕೊಂಡರು. ಈ ಜಾಗ ನಿನ್ನೆಯವರೆಗೆ ಏನಾಗಿತ್ತು, ಇದರ ನಕ್ಷೆ ಯಾವಾಗ ಬದಲಾಯಿತು, ಪರವಾನಗಿ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳನ್ನು ಅವರು ಕೇಳಲಿಲ್ಲ. ಕೇಳಿದ್ದರೆ ಮನೆ ಕೈತಪ್ಪುತ್ತಿತ್ತು. ಅವರನ್ನು ದೂಷಿಸುವುದು ಸುಲಭ. ತಲೆಯ ಮೇಲೆ ಸೂರಿಲ್ಲದವನಿಗೆ ನೀತಿ ಹೇಳುವುದು ಇನ್ನೂ ಸುಲಭ. ಆದರೂ ಈ ಕಟ್ಟಡ ಮೂರು ಕಂಬಗಳ ಮೇಲೆ ನಿಂತಿತ್ತೆಂಬ ಸತ್ಯವನ್ನು ಅಲ್ಲಗಳೆಯಲಾಗದು. ಮಾರಾಟವಾದ ರುಜು ಒಂದು, ಬಂದೂಕಿನ ಭಯ ಎರಡು, ನೆರೆಹೊರೆಯವರ ಮೌನ ಮೂರು. ಮೊದಲಿನ ಎರಡನ್ನು ತೆಗೆಯುವುದು ಕಾನೂನಿನ ಕೆಲಸ. ಮೂರನೆಯದನ್ನು ತೆಗೆಯುವುದು ಮನೆಮನೆಯ ಕೆಲಸ.

ಆ ಕೆಲಸವನ್ನು ಪಲೆರ್ಮೊದ ಗೃಹಿಣಿಯರು 1992ರಲ್ಲಿ ಮಾಡಿ ತೋರಿಸಿದರು. ಫಾಲ್ಕೊನೆಯವರ ಹತ್ಯೆಯಾದ ಮೇಲೆ ಅವರು ತಮ್ಮ ಮನೆಯ ಹಾಸಿಗೆಯ ಬಿಳಿಯ ಹೊದಿಕೆಗಳ ಮೇಲೆ ಮಾಫಿಯಾ ವಿರೋಧದ ಮಾತುಗಳನ್ನು ಬರೆದು ಬಾಲ್ಕನಿಗಳಿಂದ ಇಳಿಬಿಟ್ಟರು. ನಾನು ಹೆದರುವುದಿಲ್ಲವೆಂದು ಹೆಸರು ವಿಳಾಸದ ಸಮೇತ ಸಾರಿದಂತಾಯಿತು. ಬೀದಿಯಲ್ಲಿ ಒಂದು ಮನೆಯಲ್ಲಿ ಹೊದಿಕೆ ತೂಗಿದರೆ ಅದು ಗುರಿಯಾಗುತ್ತದೆ. ಬೀದಿಯ ತುಂಬ ತೂಗಿದರೆ ಗುರಿಯಿಡುವವನೇ ಕಂಗಾಲಾಗುತ್ತಾನೆ. 1996ರಲ್ಲಿ ಸುಮಾರು ಹತ್ತು ಲಕ್ಷ ನಾಗರಿಕರ ಸಹಿಗಳ ಬೆಂಬಲದಿಂದ ಇನ್ನೊಂದು ಕಾನೂನು ಬಂದಿತು. ಮಾಫಿಯಾದಿಂದ ವಶಪಡಿಸಿಕೊಂಡ ಹೊಲ ಮನೆಗಳನ್ನು ಶಾಲೆ, ಗ್ರಂಥಾಲಯ, ಸಹಕಾರಿ ಬೇಸಾಯಗಳಂತಹ ಸಮಾಜೋಪಯೋಗಕ್ಕೆ ಬಳಸಬೇಕೆಂಬುದು ಅದರ ತಾತ್ಪರ್ಯ. ಕೊರ್ಲಿಯೊನೆಯ ಸುತ್ತಮುತ್ತ ಅಂತಹ ಹೊಲಗಳಲ್ಲಿ ಇಂದು ತರುಣರ ಸಹಕಾರ ಸಂಘಗಳು ಗೋದಿ, ದ್ರಾಕ್ಷಿ ಬೆಳೆಯುತ್ತವೆ. ಒಂದು ರುಜುವಿನಿಂದ ಹೋದುದರಲ್ಲಿ ಒಂದಿಷ್ಟು, ಹತ್ತು ಲಕ್ಷ ರುಜುಗಳಿಂದ ಮರಳಿತು.

ಹೀಗೆಂದು ಕಥೆ ಸುಖಾಂತವಾಯಿತೆಂದು ಯಾರೂ ಮೈಮರೆಯಬಾರದು. ವಶಪಡಿಸಿಕೊಂಡ ಆಸ್ತಿಗಳ ವ್ಯವಹಾರ ನೋಡುತ್ತಿದ್ದ ಪಲೆರ್ಮೊ ನ್ಯಾಯಾಲಯದ ವಿಭಾಗದ ಮುಖ್ಯಸ್ಥರ ಮೇಲೆಯೇ 2015ರಲ್ಲಿ ಅಧಿಕಾರ ದುರುಪಯೋಗದ ಆರೋಪ ಬಂದು, 2020ರಲ್ಲಿ ಅವರಿಗೆ ಶಿಕ್ಷೆಯೂ ಆಯಿತು. ಬೇಲಿಗೆ ಹೊಸದಾಗಿ ಮುಳ್ಳು ಕಟ್ಟಿದರೂ ಅದನ್ನು ಕಾಯುವವನು ನಿದ್ರಿಸುವಂತಿಲ್ಲ.

ಸಾರ್ವಜನಿಕ ಧನವನ್ನು ಯಾರದೂ ಅಲ್ಲದ ಧನವೆಂದು ಬಗೆಯುವಲ್ಲಿ ಎಲ್ಲ ಕೇಡೂ ಆರಂಭವಾಗುತ್ತದೆ. ಅದು ನಾವು ಬೆಂಕಿಪೊಟ್ಟಣ ಕೊಂಡಾಗಲೂ ತೆತ್ತ ತೆರಿಗೆ. ನಮ್ಮ ಮನೆಯ ಅಕ್ಕಿಯ ಡಬ್ಬಿಯಿಂದಲೇ ಹೋದ ಹಿಡಿ ಅಕ್ಕಿ. ಮನೆಯ ಡಬ್ಬಿಗೆ ಇಲಿ ಬಿದ್ದರೆ ಗೃಹಿಣಿ ಸುಮ್ಮನಿರುವಳೆ? ಊರಿನಲ್ಲಿ ಹೊಸ ಬಡಾವಣೆಯ ಸುದ್ದಿ ಬಂದಾಗ, ಹೊಸ ಕಾಮಗಾರಿಯ ಫಲಕ ನೆಟ್ಟಾಗ ಮನೆಯ ಹಿರಿಯರು ಮಕ್ಕಳ ಮುಂದೆಯೇ ಮೂರು ಮಾತು ಕೇಳಲಿ: ಈ ನೆಲ ಯಾರದಿತ್ತು? ಈ ಹಣ ಯಾರದು? ಈ ರುಜು ಯಾರದು? ಕೇಳುವುದನ್ನು ಮಕ್ಕಳು ಕಲಿತರೆ, ಅವರ ಪಾಲಿನ ಬೋಗುಣಿಯಲ್ಲಿ ಏನಾದರೂ ಉಳಿದೀತು.